ಸೆಕ್ಯೂರಿಟಿ ಏಜೆನ್ಸಿಗೆ ಪಸಾರ ಲೈಸೆನ್ಸ್: ಕರ್ನಾಟಕದಲ್ಲಿ ಪಡೆಯುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ, ಡಿಟೆಕ್ಟಿವ್‌ಗಳ ಕಥೆ ಏನು

ಗಾರ್ಡುಗಳನ್ನು ಬೇರೆಯವರ ಜಾಗಕ್ಕೆ ಕಳಿಸಿ ತಿಂಗಳಿಗೆ ಬಿಲ್ ಮಾಡುವ ಯಾರಿಗೇ ಆಗಲಿ ಪಸಾರ ಲೈಸೆನ್ಸ್ ಬೇಕು. ಪಸಾರ ಅಂದರೆ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ, 2005. ಜಾರಿಗೆ ಬಂದದ್ದು 2006ರ ಮಾರ್ಚ್ 15ರಂದು. ಕಾಯ್ದೆ ಕೇಂದ್ರದ್ದು, ಲೈಸೆನ್ಸ್ ಕೊಡುವುದು ರಾಜ್ಯ ಸರ್ಕಾರ ನೇಮಿಸಿದ ನಿಯಂತ್ರಣ ಪ್ರಾಧಿಕಾರ. ಹೌಸ್‌ಕೀಪಿಂಗ್ ಜೊತೆಗೆ ನಾಲ್ಕು ಗಾರ್ಡನ್ನೂ ಕೊಡುತ್ತೇವೆ ಎನ್ನುವ ಫೆಸಿಲಿಟಿ ಕಂಪನಿ, ಸಮಾರಂಭಗಳಿಗೆ ಬೌನ್ಸರ್ ಕಳಿಸುವವರು, ಗಾರ್ಡುಗಳಿಗೆ ತರಬೇತಿ ಕೊಡುವುದನ್ನೇ ವ್ಯಾಪಾರ ಮಾಡಿಕೊಂಡವರು, ಎಲ್ಲರೂ ಇದರೊಳಗೇ ಬರುತ್ತಾರೆ. ಅಪಾರ್ಟ್‌ಮೆಂಟ್ ಸಂಘ ತಾನೇ ಸಂಬಳ ಕೊಟ್ಟು ಇಟ್ಟುಕೊಂಡ ವಾಚ್‌ಮನ್ ಮಾತ್ರ ಹೊರಗೆ, ಏಕೆಂದರೆ ಅಲ್ಲಿ ನಡುವೆ ಏಜೆನ್ಸಿಯೇ ಇಲ್ಲ.

ಲೈಸೆನ್ಸ್ ಇಲ್ಲದೆ ನಡೆಸಿದರೆ 1 ವರ್ಷದವರೆಗೆ ಜೈಲು, ಅಥವಾ 25,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡದ ಮೊತ್ತ ನೋಡಿ ಸಸಾರ ಮಾಡಬೇಡಿ. ದೊಡ್ಡ ಗ್ರಾಹಕರು ಟೆಂಡರಿನ ಮೊದಲ ಪುಟದಲ್ಲೇ ಲೈಸೆನ್ಸ್ ಪ್ರತಿ ಕೇಳುತ್ತಾರೆ. ನಿಜವಾದ ನಷ್ಟ ಅಲ್ಲಿ.

ಎಷ್ಟು ಜಿಲ್ಲೆ ಎನ್ನುವುದು ಮೊದಲ ತೀರ್ಮಾನ

ಶುಲ್ಕ ಕಾಯ್ದೆಯಲ್ಲೇ ಬರೆದಿದೆ: ಒಂದು ಜಿಲ್ಲೆಗೆ 5,000, ಒಂದಕ್ಕಿಂತ ಹೆಚ್ಚು ಐದರವರೆಗೆ 10,000, ಇಡೀ ರಾಜ್ಯಕ್ಕೆ 25,000 ರೂಪಾಯಿ. ಹೊಸಬರು ಹಣ ಉಳಿಸಲು ಒಂದೇ ಜಿಲ್ಲೆ ಹಿಡಿಯುತ್ತಾರೆ, ಆರು ತಿಂಗಳಲ್ಲಿ ಸಿಕ್ಕಿಬೀಳುತ್ತಾರೆ. ಬೆಂಗಳೂರಿನ ಮಟ್ಟಿಗಂತೂ ಇದು ಖಾತ್ರಿ. ಬೆಂಗಳೂರು ನಗರ ಜಿಲ್ಲೆಗೆ ಪಡೆದ ಲೈಸೆನ್ಸಿನಲ್ಲಿ ದೇವನಹಳ್ಳಿಯ ಗೋದಾಮಿಗೂ ಗಾರ್ಡ್ ಹಾಕುವಂತಿಲ್ಲ, ಬಿಡದಿಯ ಕಾರ್ಖಾನೆಗೂ ಹಾಕುವಂತಿಲ್ಲ, ಎರಡೂ ಬೇರೆ ಜಿಲ್ಲೆಗಳು. ಅತ್ತಿಬೆಲೆ ಗಡಿ ದಾಟಿ ಹೊಸೂರಿಗೆ ಹೋದರೆ ಇಡೀ ಕರ್ನಾಟಕದ ಲೈಸೆನ್ಸೂ ಕೆಲಸಕ್ಕೆ ಬಾರದು, ಅದಕ್ಕೆ ತಮಿಳುನಾಡಿನದ್ದೇ ಬೇಕು. ಮಂಗಳೂರಿನವರಿಗೆ ಕಾಸರಗೋಡು, ಬೆಳಗಾವಿಯವರಿಗೆ ಕೊಲ್ಹಾಪುರ ಇದೇ ಲೆಕ್ಕ. ಮುಂದಿನ ಎರಡು ವರ್ಷದಲ್ಲಿ ಎಲ್ಲೆಲ್ಲಿ ಸೈಟ್ ಹಿಡಿಯುತ್ತೀರಿ ಎಂದು ಪಟ್ಟಿ ಮಾಡಿ. ಮೂರು ಜಿಲ್ಲೆಯ ಹೆಸರು ಬಂದರೂ ಸಾಕು, 10,000ದ ಹಂತಕ್ಕೇ ಹೋಗಿ.

ಯಾರಿಗೆ ಸಿಗುವುದಿಲ್ಲ

ಏಕಮಾಲೀಕತ್ವ, ಪಾಲುದಾರಿಕೆ, ಎಲ್‌ಎಲ್‌ಪಿ, ಪ್ರೈವೇಟ್ ಲಿಮಿಟೆಡ್, ಯಾವ ರೂಪದಲ್ಲಾದರೂ ಸರಿ, ಸಂಸ್ಥೆ ಭಾರತದಲ್ಲಿ ನೋಂದಣಿಯಾಗಿರಬೇಕು. ಮಾಲೀಕ, ಬಹುಪಾಲು ಷೇರುದಾರ, ಪಾಲುದಾರ, ನಿರ್ದೇಶಕರು ಭಾರತದ ಪ್ರಜೆಗಳಾಗಿರಬೇಕು. ಕಂಪನಿ ಸಂಬಂಧಿ ವಂಚನೆಯಲ್ಲಿ ಶಿಕ್ಷೆಯಾದವರು, ದಿವಾಳಿಯೆಂದು ಘೋಷಣೆಯಾಗಿ ಇನ್ನೂ ಬಿಡುಗಡೆ ಆಗದವರು, ಎರಡು ವರ್ಷಕ್ಕೆ ಕಡಿಮೆಯಿಲ್ಲದ ಜೈಲು ಶಿಕ್ಷೆ ನಿಗದಿಯಾದ ಅಪರಾಧದಲ್ಲಿ ಶಿಕ್ಷೆಗೊಳಗಾದವರು, ನಿಷೇಧಿತ ಸಂಘಟನೆಗಳ ನಂಟಿರುವವರು, ದುರ್ನಡತೆಗಾಗಿ ಸರ್ಕಾರಿ ನೌಕರಿಯಿಂದ ವಜಾ ಆದವರು ಅರ್ಹರಲ್ಲ.

ಇಲ್ಲಿ ಒಂದು ಗೊಂದಲ ಪದೇ ಪದೇ ಕಾಣುತ್ತದೆ. ಪಾಲುದಾರರೊಬ್ಬರ ಮೇಲೆ ಹಳೆಯ ಜಗಳದ ಕೇಸು ಬಾಕಿ ಇದ್ದರೆ ಅರ್ಜಿ ತನ್ನಿಂತಾನೇ ಬೀಳುವುದಿಲ್ಲ; ಅನರ್ಹತೆ ಬರುವುದು ಶಿಕ್ಷೆಯಾದಾಗ. ಆದರೆ ಬಾಕಿ ಇರುವ ಕೇಸನ್ನು ಅಫಿಡವಿಟ್ಟಿನಲ್ಲಿ ಬರೆಯಲೇಬೇಕು. ಬರೆಯದೆ ಮುಚ್ಚಿಟ್ಟರೆ ಠಾಣೆಯ ವರದಿಯಲ್ಲಿ ಅದು ಬಂದೇ ಬರುತ್ತದೆ. ಆಮೇಲೆ ಕೇಸಿಗಿಂತ ಸುಳ್ಳು ಹೇಳಿದ್ದೇ ದೊಡ್ಡ ತಪ್ಪಾಗುತ್ತದೆ, ಸುಳ್ಳು ಮಾಹಿತಿ ಕೊಟ್ಟು ಪಡೆದ ಲೈಸೆನ್ಸನ್ನು ರದ್ದು ಮಾಡಲು ಕಾಯ್ದೆಯಲ್ಲೇ ಆಧಾರವಿದೆ. ಕ್ರೈಂ ನಂಬರ್, ಠಾಣೆ, ಕೋರ್ಟು, ಈಗಿನ ಹಂತ ನಾಲ್ಕನ್ನೂ ಬರೆದು, ಪಕ್ಕದಲ್ಲಿ ದಾಖಲೆ ಲಗತ್ತಿಸಿ.

ಕಾಗದಪತ್ರ

ಅಫಿಡವಿಟ್ಟಿನಲ್ಲಿ ನಾಲ್ಕು ಮಾತು ಇರಬೇಕು ಎನ್ನುತ್ತದೆ ಕಾಯ್ದೆ: ಮೇಲಿನ ಅನರ್ಹತೆಗಳ ವಿವರ, ಗಾರ್ಡು ಮತ್ತು ಸೂಪರ್‌ವೈಸರುಗಳಿಗೆ ತರಬೇತಿಯ ಏರ್ಪಾಡು, ಲೈಸೆನ್ಸಿನ ಷರತ್ತುಗಳನ್ನು ಪಾಲಿಸುವ ಒಪ್ಪಿಗೆ, ಅರ್ಜಿದಾರರ ಮೇಲೆ ಠಾಣೆಯಲ್ಲೋ ಕೋರ್ಟಿನಲ್ಲೋ ಇರುವ ಕೇಸುಗಳ ವಿವರ. ಇದರ ಜೊತೆ ವಾಡಿಕೆಯಲ್ಲಿ ಕೇಳುವುದು ಪ್ಯಾನ್, ಕಚೇರಿಯ ಬಾಡಿಗೆ ಕರಾರು, ಪಾಲುದಾರಿಕೆ ಪತ್ರ ಅಥವಾ ಕಂಪನಿಯ ಮೆಮೊರಾಂಡಮ್, ಆದಾಯ ತೆರಿಗೆ ರಿಟರ್ನ್, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ, ಜಿಎಸ್‌ಟಿ, ಪಿಎಫ್, ಇಎಸ್‌ಐ ನೋಂದಣಿಗಳು, ತರಬೇತಿ ಸಂಸ್ಥೆಯ ಜೊತೆಗಿನ ಒಪ್ಪಂದ, ಸಮವಸ್ತ್ರದ ಫೋಟೋ. ನಮೂನೆಗಳಿಗೆ ರಾಜ್ಯದ ನಿಯಮಗಳನ್ನೇ ನೋಡಿ. ಪಕ್ಕದ ರಾಜ್ಯದ ಏಜೆನ್ಸಿಯವರು ಕೊಟ್ಟ ಹಳೆಯ ಫಾರ್ಮನ್ನು ತುಂಬಿ ಕೊಡಬೇಡಿ.

ಎಡವುವುದು ಸಣ್ಣ ಕಡೆಗಳಲ್ಲಿ. ಮೆಮೊರಾಂಡಮ್ಮಿನ ಉದ್ದೇಶಗಳ ಪಟ್ಟಿಯಲ್ಲಿ ‘ಭದ್ರತಾ ಸೇವೆ’ ಎಂಬ ಸಾಲೇ ಇರುವುದಿಲ್ಲ. ಕಂಪನಿ ಸಾಫ್ಟ್‌ವೇರ್ ಮಾರಾಟಕ್ಕೆ ಹುಟ್ಟಿರುತ್ತದೆ. ಬಾಡಿಗೆ ಕರಾರು ನಿರ್ದೇಶಕರ ಹೆಸರಿನಲ್ಲಿರುತ್ತದೆ, ಕಂಪನಿಯ ಹೆಸರಿನಲ್ಲಿ ಇರುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಹೆಸರಿನ ವ್ಯತ್ಯಾಸ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ.ಆರ್.’, ಆಧಾರಿನಲ್ಲಿ ‘ಮಂಜುನಾಥ್’, ಪ್ಯಾನಿನಲ್ಲಿ ‘ಕೆ.ಆರ್. ಮಂಜುನಾಥ್’. ಮನೆಯವರಿಗೆ ಮೂವರೂ ಒಬ್ಬರೇ, ಫೈಲಿಗೆ ಮೂರು ಜನ. ಅರ್ಜಿ ಹಾಕುವ ಮುನ್ನವೇ ಆಧಾರ್, ಪ್ಯಾನ್ ಎರಡನ್ನೂ ಒಂದೇ ರೂಪಕ್ಕೆ ತನ್ನಿ. ಅದಾಗದಿದ್ದರೆ ಮೂವರೂ ಒಬ್ಬರೇ ಎಂದು ನೋಟರಿ ಅಫಿಡವಿಟ್ ಇಡಿ.

ತರಬೇತಿ: ಪ್ರಮಾಣಪತ್ರಕ್ಕಿಂತ ಹಾಜರಿ ಪುಸ್ತಕ ನೋಡುತ್ತಾರೆ

ಕೇಂದ್ರದ ಮಾದರಿ ನಿಯಮಗಳ ಲೆಕ್ಕ ಹೀಗಿದೆ. ಹೊಸ ಗಾರ್ಡಿಗೆ ತರಗತಿಯಲ್ಲಿ 100 ಗಂಟೆ, ಮೈದಾನದಲ್ಲಿ 60 ಗಂಟೆ, ಒಟ್ಟು 160. ಕನಿಷ್ಠ 20 ಕೆಲಸದ ದಿನಗಳಲ್ಲಿ ಹರಡಿರಬೇಕು. ಮಾಜಿ ಸೈನಿಕರಿಗೆ, ಮಾಜಿ ಪೊಲೀಸರಿಗೆ 40 ಮತ್ತು 16 ಗಂಟೆ, ಕನಿಷ್ಠ 7 ಕೆಲಸದ ದಿನ. ಪಠ್ಯದಲ್ಲಿ ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಜನಸಂದಣಿ ನಿಭಾಯಿಸುವುದು, ಗುರುತಿನ ಚೀಟಿ ಪರೀಕ್ಷೆ, ಸ್ಫೋಟಕ ಗುರುತಿಸುವುದು, ಆತ್ಮರಕ್ಷಣೆಯ ಹಕ್ಕು, ಠಾಣೆಯಲ್ಲಿ ಎಫ್‌ಐಆರ್ ಕೊಡುವ ಕ್ರಮ ಎಲ್ಲವೂ ಇವೆ. ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳನ್ನು ಓದಲು ಬರಬೇಕು ಎಂಬುದೂ ಇದೆ. ಗೇಟಿನಲ್ಲಿ ವಾಹನದ ನಂಬರ್ ಬರೆಯುವವನಿಗೆ ಇದು ಬೇಕೇ ಬೇಕು.

ಸುಳ್ಳು ತರಬೇತಿ ಸಿಕ್ಕಿಬೀಳುವ ದಾರಿ ಬಹಳ ಸರಳ. ಪ್ರಮಾಣಪತ್ರದಲ್ಲಿ ‘ಜೂನ್ 1ರಿಂದ 24’ ಎಂದಿರುತ್ತದೆ, ಅದೇ ಗಾರ್ಡು ಜೂನ್ 5ರಿಂದ ಸೈಟಿನ ಮಸ್ಟರಿನಲ್ಲಿ ಹಗಲು ಪಾಳಿಗೆ ಸಹಿ ಹಾಕಿರುತ್ತಾನೆ, ಪಿಎಫ್ ಚಲನ್ನಿನಲ್ಲೂ ಅವನ ಹೆಸರು ಇರುತ್ತದೆ. ಎರಡು ಪುಸ್ತಕ ಪಕ್ಕಪಕ್ಕ ಇಟ್ಟರೆ ಮುಗಿಯಿತು. ಗ್ರಾಹಕ ಅವಸರ ಮಾಡಿದರೂ 20 ದಿನ ಮುಗಿಯದೆ ಕಳಿಸಬೇಡಿ. ಕೈಯಲ್ಲಿ ಯಾವಾಗಲೂ ಐದಾರು ತರಬೇತಾದ ಗಾರ್ಡುಗಳನ್ನು ಇಟ್ಟುಕೊಳ್ಳುವುದೇ ಅವಸರಕ್ಕೆ ಮದ್ದು. ತರಬೇತಿ ಸಂಸ್ಥೆಯ ಮಾನ್ಯತೆಯ ಅವಧಿ ಮುಗಿದಿಲ್ಲವೇ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ದಿನವೂ, ಪ್ರತಿ ಬ್ಯಾಚಿನ ದಿನವೂ ನೋಡಿ.

ಗಾರ್ಡಿನ ಆಯ್ಕೆ

ವಯಸ್ಸು 18 ತುಂಬಿರಬೇಕು, 65 ಆಗಿರಬಾರದು. ಮಾದರಿ ನಿಯಮಗಳಲ್ಲಿ ಗಂಡಸರಿಗೆ ಎತ್ತರ 160 ಸೆಂಟಿಮೀಟರ್, ಹೆಂಗಸರಿಗೆ 150. ಗಂಡಸರ ಎದೆ 80 ಸೆಂಟಿಮೀಟರ್, ಉಸಿರೆಳೆದಾಗ 4 ಸೆಂಟಿಮೀಟರ್ ಹಿಗ್ಗಬೇಕು. ದೂರದೃಷ್ಟಿ 6/6, ಕನ್ನಡಕ ಹಾಕಿಕೊಂಡಾದರೂ ಸರಿ. ಬಣ್ಣಗುರುಡು ಇರಬಾರದು, ಚಪ್ಪಟೆ ಪಾದ ಇರಬಾರದು, ಒಂದು ಕಿಲೋಮೀಟರನ್ನು ಆರು ನಿಮಿಷದಲ್ಲಿ ಓಡಬೇಕು. ವೈದ್ಯಕೀಯ ತಪಾಸಣೆ ಒಂದು ಸಲಕ್ಕೆ ಮುಗಿಯುವುದಲ್ಲ, ಪ್ರತಿ 12 ತಿಂಗಳಿಗೊಮ್ಮೆ ಆಗಬೇಕು. ಬಹುತೇಕ ಏಜೆನ್ಸಿಗಳು ಮರೆಯುವುದು ಇದನ್ನೇ. ಗಾರ್ಡು ಸೇರಿದ ತಿಂಗಳನ್ನೇ ತಪಾಸಣೆಯ ತಿಂಗಳು ಎಂದು ರಿಜಿಸ್ಟರಿನಲ್ಲಿ ಗುರುತು ಹಾಕಿಕೊಂಡರೆ ತಪ್ಪುವುದಿಲ್ಲ.

ಕೋರ್ಟಿನಲ್ಲಿ ಶಿಕ್ಷೆಯಾದವರನ್ನು, ಸೇನೆ, ಪೊಲೀಸ್, ಸರ್ಕಾರ ಅಥವಾ ಇನ್ನೊಂದು ಏಜೆನ್ಸಿಯಿಂದ ದುರ್ನಡತೆಗೆ ತೆಗೆದುಹಾಕಿದವರನ್ನು ಸೇರಿಸಿಕೊಳ್ಳುವಂತಿಲ್ಲ. ಅದಕ್ಕೇ ಪೊಲೀಸ್ ವೆರಿಫಿಕೇಷನ್. ಅಸ್ಸಾಮು, ಒಡಿಶಾ, ಬಿಹಾರದಿಂದ ಬಂದ ಹುಡುಗರ ವಿಷಯದಲ್ಲಿ ಇಲ್ಲಿನ ಬಾಡಿಗೆ ರೂಮಿನ ವಿಳಾಸ ಮಾತ್ರ ಕೊಟ್ಟು ಸುಮ್ಮನಾದರೆ ಆ ತನಿಖೆಗೆ ಅರ್ಥವಿಲ್ಲ. ಊರಿನ ಠಾಣೆಯ ಹೆಸರು, ಅಂಚೆ, ತಾಲ್ಲೂಕಿನ ಸಮೇತ ಕಾಯಂ ವಿಳಾಸ ಬರೆಸಿ. ‘ಗ್ರಾಮ’ ಅಂತಷ್ಟೇ ಬರೆದ ಫಾರ್ಮುಗಳು ಎರಡು ತಿಂಗಳ ನಂತರ ‘ವಿಳಾಸ ಪತ್ತೆಯಾಗಿಲ್ಲ’ ಎಂದು ವಾಪಸು ಬರುತ್ತವೆ.

ಅರ್ಜಿ ಕೊಟ್ಟ ಮೇಲೆ

ಪ್ರಾಧಿಕಾರ ವಿಚಾರಣೆ ನಡೆಸಿ, ಪೊಲೀಸರಿಂದ ನಿರಾಕ್ಷೇಪಣೆ ಪಡೆದು, ಅರ್ಜಿ ಪೂರ್ಣವಾಗಿ ತಲುಪಿದ 60 ದಿನದೊಳಗೆ ಲೈಸೆನ್ಸ್ ಕೊಡಬೇಕು ಅಥವಾ ಕಾರಣ ಬರೆದು ನಿರಾಕರಿಸಬೇಕು. ನಿಮ್ಮ ಮಾತು ಕೇಳದೆ ನಿರಾಕರಿಸುವಂತಿಲ್ಲ. ‘ಪೂರ್ಣವಾಗಿ’ ಎನ್ನುವ ಪದದಲ್ಲೇ ಎಲ್ಲ ಅಡಗಿದೆ: ಒಂದು ಲಗತ್ತು ಕಡಿಮೆ ಬಿದ್ದರೆ ದಿನದ ಲೆಕ್ಕ ಶುರುವಾಗುವುದೇ ಇಲ್ಲ. ತಡವಾಗುವುದು ಹೆಚ್ಚಾಗಿ ಠಾಣೆಯ ಹಂತದಲ್ಲಿ. ಸಿಬ್ಬಂದಿ ವಿಳಾಸಕ್ಕೆ ಬಂದಾಗ ಕಚೇರಿಗೆ ಬೀಗ, ಬೋರ್ಡೇ ಇಲ್ಲ, ಪಕ್ಕದವರಿಗೆ ಹೆಸರು ಗೊತ್ತಿಲ್ಲ ಎಂದಾದರೆ ವರದಿ ಏನು ಬರಬೇಕೋ ಅದೇ ಬರುತ್ತದೆ. ಅರ್ಜಿ ಹಾಕಿದ ದಿನದಿಂದಲೇ ಕಚೇರಿಯಲ್ಲಿ ಒಬ್ಬರು ಕೂತಿರಲಿ.

ನಿರಾಕರಣೆ ಬಂದರೆ ಆದೇಶದ ದಿನದಿಂದ 60 ದಿನದೊಳಗೆ ರಾಜ್ಯದ ಗೃಹ ಕಾರ್ಯದರ್ಶಿಗೆ ಮೇಲ್ಮನವಿ ಹಾಕಬಹುದು.

ಲೈಸೆನ್ಸ್ ಕೈಗೆ ಬಂದ ಮೇಲಿನ ಗಡುವುಗಳು

ಅವಧಿ 5 ವರ್ಷ. ಆದರೆ ಮೊದಲ ಆರು ತಿಂಗಳಲ್ಲೇ ಮುಗ್ಗರಿಸುವವರು ಹೆಚ್ಚು. 15 ದಿನದೊಳಗೆ ಸಂಸ್ಥೆ ಕಟ್ಟಿದ ಪ್ರತಿಯೊಬ್ಬರ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ವಿಳಾಸ, ಮುಖ್ಯ ಕಸುಬು ಇವನ್ನು ಪ್ರಾಧಿಕಾರಕ್ಕೆ ಬರೆದು ತಿಳಿಸಬೇಕು. ವಿಳಾಸವೋ ಆಡಳಿತವೋ ಬದಲಾದರೆ 7 ದಿನದೊಳಗೆ ತಿಳಿಸಬೇಕು. 60 ದಿನದೊಳಗೆ ಬೇಕಾದಷ್ಟು ಸೂಪರ್‌ವೈಸರುಗಳನ್ನು ನೇಮಿಸಬೇಕು. 6 ತಿಂಗಳೊಳಗೆ ಕೆಲಸ ಶುರುವಾಗಬೇಕು, ಲೈಸೆನ್ಸ್ ಮಾಡಿಸಿ ಗೋಡೆಗೆ ತೂಗುಹಾಕಿ ಒಳ್ಳೆಯ ಗಿರಾಕಿಗೆ ಕಾಯುವಂತಿಲ್ಲ. ಗೋಡೆಗೆ ತೂಗುಹಾಕುವುದೂ ಕಡ್ಡಾಯವೇ ಅನ್ನಿ, ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ.

ಸೂಪರ್‌ವೈಸರ್ ಲೆಕ್ಕವನ್ನು ಕೊಟೇಷನ್ ಕೊಡುವ ಮೊದಲೇ ಹಾಕಿ. ಹಗಲೂ ರಾತ್ರಿ ಗಾರ್ಡು ಇರಬೇಕಾದ ಒಂದು ಪೋಸ್ಟಿಗೆ, ಅಂದರೆ ಒಂದು ಕಾವಲಿನ ಜಾಗಕ್ಕೆ, ವಾರಕ್ಕೆ 168 ಗಂಟೆ. ಒಬ್ಬ ಗಾರ್ಡು ವಾರಕ್ಕೆ 48 ಗಂಟೆ. ಭಾಗಿಸಿದರೆ ಮೂರೂವರೆ. ಅಂದರೆ 24 ಗಂಟೆಯ ಹತ್ತು ಪೋಸ್ಟಿಗೆ 35 ಗಾರ್ಡುಗಳು ಬೇಕು, 20 ಅಲ್ಲ. ಮಾದರಿ ನಿಯಮಗಳ ಪ್ರಕಾರ ಹದಿನೈದು ಗಾರ್ಡಿಗೆ ಒಬ್ಬ ಸೂಪರ್‌ವೈಸರ್, ಹಾಗಾಗಿ ಒಂದೇ ಆವರಣದಲ್ಲಿ 35 ಜನಕ್ಕೆ ಮೂವರು. ಅದೇ 35 ಜನ ಒಬ್ಬರಿಂದ ನೋಡಿಕೊಳ್ಳಲಾಗದಷ್ಟು ಚದುರಿದ್ದರೆ ಪ್ರತಿ ಆರು ಗಾರ್ಡಿಗೆ ಒಬ್ಬರು, ಒಟ್ಟು ಆರು ಜನ. ಹನ್ನೆರಡು ಗಂಟೆಯ ಎರಡು ಪಾಳಿ ಹಾಕಿ ಇಬ್ಬರಲ್ಲೇ ಮುಗಿಸುತ್ತೇವೆ ಎಂದು ದರ ಕಡಿಮೆ ಮಾಡುವವರು ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಕೂಲಿ ಕೊಡುವುದನ್ನು ಲೆಕ್ಕದಲ್ಲಿ ಬಿಟ್ಟಿರುತ್ತಾರೆ. ಇದು ಲೈಸೆನ್ಸಿಗೂ ಸಂಬಂಧಿಸಿದ ವಿಚಾರ. ಪಸಾರ ಕಾಯ್ದೆಯ ಅನುಸೂಚಿಯಲ್ಲಿ ಕನಿಷ್ಠ ವೇತನ, ಪಿಎಫ್, ಬೋನಸ್, ಗುತ್ತಿಗೆ ಕಾರ್ಮಿಕ ಕಾಯ್ದೆಗಳ ಹೆಸರಿದೆ. ಅವುಗಳ ಉಲ್ಲಂಘನೆ ಲೈಸೆನ್ಸ್ ರದ್ದತಿಗೆ ಒಂದು ಕಾರಣ. ಆ ಕಾಯ್ದೆಗಳ ಜಾಗಕ್ಕೆ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ, ಆದ್ದರಿಂದ ಹಳೆಯ ಒಪ್ಪಂದಗಳ ಷರತ್ತುಗಳನ್ನು ಒಮ್ಮೆ ತಿರುವಿ ಹಾಕಿ.

ಜಿಎಸ್‌ಟಿಯಲ್ಲೂ ಒಂದು ಮೆಟ್ಟಿಲಿದೆ. ಗಾರ್ಡ್ ಸೇವೆಗೆ 18 ಶೇಕಡಾ. ಆದರೆ ಏಜೆನ್ಸಿ ಏಕಮಾಲೀಕತ್ವದ್ದೋ ಪಾಲುದಾರಿಕೆಯದ್ದೋ ಆಗಿದ್ದು, ಗ್ರಾಹಕ ಜಿಎಸ್‌ಟಿ ನೋಂದಾಯಿತ ವ್ಯಾಪಾರಿಯಾಗಿದ್ದರೆ, 2019ರ ಜನವರಿ 1ರಿಂದ ಸಾಮಾನ್ಯವಾಗಿ ತೆರಿಗೆ ಕಟ್ಟುವ ಹೊಣೆ ಗ್ರಾಹಕನದೇ. ಕಂಪನಿಯಾದರೆ ನೀವೇ ಬಿಲ್ಲಿನಲ್ಲಿ ಹಾಕಬೇಕು.

ಸಮವಸ್ತ್ರ ಮತ್ತು ಗುರುತಿನ ಚೀಟಿ

ಸೈಟಿಗೆ ಬಂದ ಅಧಿಕಾರಿ ಮೊದಲು ನೋಡುವುದು ಗಾರ್ಡಿನ ಮೈಮೇಲೆ. ನಿಯಮ ಇಲ್ಲಿ ಅಚ್ಚರಿಪಡುವಷ್ಟು ಸೂಕ್ಷ್ಮವಾಗಿದೆ: ತೋಳಿನಲ್ಲಿ ಏಜೆನ್ಸಿಯ ಬ್ಯಾಡ್ಜ್, ಭುಜ ಅಥವಾ ಎದೆಯ ಮೇಲೆ ಹುದ್ದೆ ತೋರಿಸುವ ಬ್ಯಾಡ್ಜ್, ದಾರಕ್ಕೆ ಕಟ್ಟಿದ ಸೀಟಿ ಎಡಜೇಬಿನಲ್ಲಿ, ಲೇಸ್ ಇರುವ ಶೂ, ತಲೆಗೆ ಟೋಪಿ, ಒಂದು ನೋಟ್‌ಬುಕ್, ಒಂದು ಪೆನ್ನು. ಫೋಟೋ ಇರುವ ಗುರುತಿನ ಚೀಟಿ ಸೊಂಟಕ್ಕಿಂತ ಮೇಲಕ್ಕೆ, ಹೊರಬಟ್ಟೆಯ ಮೇಲೆ, ಎದ್ದು ಕಾಣುವಂತೆ. ಮಳೆಗಾಲದಲ್ಲಿ ರೇನ್‌ಕೋಟಿನ ಒಳಗೆ ಚೀಟಿ ಅಡಗಿದರೆ ಅದೂ ತಪ್ಪೇ, ಕೋಟಿನ ಮೇಲೆ ಸಿಕ್ಕಿಸಲು ಒಂದು ಕ್ಲಿಪ್ ಕೊಟ್ಟುಬಿಡಿ. ಗಾರ್ಡು ಕೆಲಸ ಬಿಟ್ಟ ದಿನ ಚೀಟಿ ವಾಪಸು ಪಡೆದು ರಿಜಿಸ್ಟರಿನಲ್ಲಿ ಬರೆಯಿರಿ.

ಖಾಕಿ ಬೇಡ. ಸೇನೆ, ಪೊಲೀಸರ ಸಮವಸ್ತ್ರವನ್ನಾಗಲಿ, ಅದರಂತೆ ಕಾಣುವ ಉಡುಪನ್ನಾಗಲಿ ತೊಟ್ಟರೆ ಗಾರ್ಡಿಗೂ ಮಾಲೀಕನಿಗೂ ಒಂದು ವರ್ಷದವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸೇನೆಯವರಂಥ ಮಚ್ಚೆಮಚ್ಚೆ ಬಟ್ಟೆಯನ್ನು ‘ಗತ್ತು ಬರುತ್ತೆ’ ಎಂದು ಗ್ರಾಹಕರೇ ಕೇಳುವುದುಂಟು, ಒಪ್ಪಬೇಡಿ. ಬಂದೂಕಿನ ವಿಚಾರವೂ ಬೇರೆ: ಪಸಾರ ಲೈಸೆನ್ಸ್ ಶಸ್ತ್ರ ಹಿಡಿಯುವ ಹಕ್ಕು ಕೊಡುವುದಿಲ್ಲ, ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಪ್ತಿ.

ನವೀಕರಣ

ಅವಧಿ ಮುಗಿಯುವ ಕನಿಷ್ಠ 45 ದಿನ ಮುಂಚೆ ಅರ್ಜಿ ತಲುಪಬೇಕು. ಪೂರ್ಣ ಅರ್ಜಿಗೆ 30 ದಿನದಲ್ಲಿ ಆದೇಶ ಆಗಬೇಕು. 45 ಎನ್ನುವುದು ಕೊನೆಯ ಗಡಿ, ತಯಾರಿ ಆರು ತಿಂಗಳ ಮುಂಚೆಯೇ ನಡೆಯಬೇಕು. ಆ ಹೊತ್ತಿಗೆ ರಿಜಿಸ್ಟರ್ ಸರಿಯಿರಬೇಕು: ಆಡಳಿತ ನಡೆಸುವವರ ವಿವರ, ಗಾರ್ಡು ಮತ್ತು ಸೂಪರ್‌ವೈಸರುಗಳ ಹೆಸರು, ವಿಳಾಸ, ಫೋಟೋ, ಸಂಬಳ, ಯಾವ ಗ್ರಾಹಕರಿಗೆ ಗಾರ್ಡು ಕೊಟ್ಟಿರಿ ಎಂಬ ಪಟ್ಟಿ. ಐದು ವರ್ಷದ್ದನ್ನು ಒಂದು ವಾರದಲ್ಲಿ ಒಂದೇ ಪೆನ್ನಿನಿಂದ ಬರೆದ ರಿಜಿಸ್ಟರನ್ನು ಗುರುತಿಸಲು ಪತ್ತೇದಾರ ಬೇಕಿಲ್ಲ.

ಇನ್ನು ಪತ್ತೇದಾರರು

ಭಾರತದಲ್ಲಿ ಖಾಸಗಿ ಡಿಟೆಕ್ಟಿವ್‌ಗೆ ಲೈಸೆನ್ಸ್ ಎಂಬುದೇ ಇಲ್ಲ. ಅದಕ್ಕಾಗಿ 2007ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆ ಕಾಯ್ದೆಯಾಗದೆ ಹಿಂದಕ್ಕೆ ಹೋಯಿತು. ಹಾಗಾಗಿ ‘ಸರ್ಕಾರಿ ಮಾನ್ಯತೆ ಪಡೆದ ಡಿಟೆಕ್ಟಿವ್’ ಎಂಬ ಜಾಹೀರಾತು ಕಂಡರೆ ಅವರು ತೋರಿಸುತ್ತಿರುವುದು ಕಂಪನಿ ನೋಂದಣಿಯನ್ನೋ ಜಿಎಸ್‌ಟಿ ಸಂಖ್ಯೆಯನ್ನೋ. ಪಸಾರ ಲೈಸೆನ್ಸ್ ಇದ್ದರೂ ಅದು ಗಾರ್ಡುಗಳಿಗೆ, ತನಿಖೆಗಲ್ಲ. ಕಚೇರಿ ತೆರೆಯಲು ಸಂಸ್ಥೆಯ ನೋಂದಣಿ, ಅಂಗಡಿ ಕಾಯ್ದೆಯ ನೋಂದಣಿ ಸಾಕು. ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ, ಸೇವೆಯ ಸಂಖ್ಯೆ 998521.

ಲೈಸೆನ್ಸ್ ಇಲ್ಲ ಎಂದರೆ ವಿಶೇಷ ಅಧಿಕಾರವೂ ಇಲ್ಲ ಎಂದರ್ಥ. ದಾರಿಹೋಕನಿಗೆ ಏನು ಮಾಡಲು ಬರುತ್ತದೋ ಡಿಟೆಕ್ಟಿವ್‌ಗೂ ಅಷ್ಟೇ. ಒಬ್ಬರ ಕರೆ ದಾಖಲೆ ತರಿಸುವುದು ಈ ಕಸುಬಿನ ದೊಡ್ಡ ಗುಂಡಿ: 2023ರ ದೂರಸಂಪರ್ಕ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಅನಧಿಕೃತವಾಗಿ ದೂರಸಂಪರ್ಕ ದತ್ತಾಂಶ ಪಡೆದರೆ 3 ವರ್ಷದವರೆಗೆ ಜೈಲು, ಅಥವಾ 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮದುವೆ ಮುಂಚಿನ ವಿಚಾರಣೆಗೆಂದು ಹುಡುಗಿಯನ್ನು ದಿನವೂ ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿಗೆ ಬರಬಹುದು. ಅಪರಾಧ ಪತ್ತೆಗಾಗಿ ಎಂಬ ವಿನಾಯಿತಿ ಅದರಲ್ಲಿದೆಯಾದರೂ ಅದು ಸರ್ಕಾರ ಆ ಹೊಣೆ ವಹಿಸಿದವರಿಗೆ ಮಾತ್ರ. ‘ಕ್ರೈಂ ಬ್ರಾಂಚಿನಿಂದ ಬಂದಿದ್ದೇವೆ’ ಎಂದು ಹೇಳಿಕೊಂಡು ವಿಚಾರಣೆಗೆ ಇಳಿದರೆ ಅದೇ ಸಂಹಿತೆಯ 204ನೇ ಸೆಕ್ಷನ್ ಕಾದಿದೆ.

ಕಾನೂನಿನೊಳಗೆ ಸಿಗುವ ಮಾಹಿತಿಯೇ ಬೇಕಾದಷ್ಟಿದೆ, ಕೂತು ಹುಡುಕುವ ತಾಳ್ಮೆ ಬೇಕು. ಸರ್ಕಾರದ ‘ಭೂಮಿ’ ಜಾಲತಾಣದಲ್ಲಿ ಪಹಣಿ, ‘ಕಾವೇರಿ’ ಜಾಲತಾಣದಲ್ಲಿ ಋಣಭಾರ ಪತ್ರ, ಇ-ಕೋರ್ಟ್ಸ್‌ನಲ್ಲಿ ಹೆಸರಿನಿಂದ ಕೇಸುಗಳ ಹುಡುಕಾಟ, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ನಿರ್ದೇಶಕರ ವಿವರ. ವರನ ಕಡೆಯವರು ‘ಎರಡೆಕರೆ ತೋಟ ಇದೆ’ ಎಂದರೆ ಸರ್ವೆ ನಂಬರ್ ಕೇಳಿ ಪಹಣಿಯ 9ನೇ ಕಲಂ ನೋಡಿದರೆ ಸ್ವಾಧೀನದಾರರ ಹೆಸರು ಸಿಗುತ್ತದೆ, 11ರಲ್ಲಿ ಸಾಲದ ವಿವರ ಇರುತ್ತದೆ. ಇದಕ್ಕೆ ಯಾರ ಹಿಂದೆಯೂ ಸುತ್ತಬೇಕಿಲ್ಲ.

ಕೆಲಸ ಒಪ್ಪುವ ಮೊದಲು ಗ್ರಾಹಕರ ಗುರುತಿನ ದಾಖಲೆ ಪಡೆದು, ಯಾವ ಉದ್ದೇಶಕ್ಕೆ ಮಾಹಿತಿ ಬೇಕು ಎಂದು ಅವರ ಕೈಯಲ್ಲೇ ಬರೆಸಿಕೊಳ್ಳಿ. ಮನೆ ಬಿಟ್ಟು ಹೋದ ಹೆಂಗಸಿನ ವಿಳಾಸ ಕೇಳಿಕೊಂಡು ಬಂದವರಿಗೆ ಠಾಣೆಗೆ ಹೋಗಲು ಹೇಳಿ. ಸಾರ್ವಜನಿಕ ಜಾಗದಲ್ಲಿ ತೆಗೆದ ಫೋಟೋ, ವಿಡಿಯೋ ಕೋರ್ಟಿಗೆ ಹೋಗುವುದಿದ್ದರೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು. ಅದಕ್ಕೆ ಎರಡು ಭಾಗ: ಒಂದನ್ನು ದಾಖಲೆ ಹಾಜರುಪಡಿಸುವವರು ತುಂಬಬೇಕು, ಇನ್ನೊಂದನ್ನು ತಜ್ಞರು, ಫೈಲಿನ ಹ್ಯಾಶ್ ಮೌಲ್ಯವೂ (ಫೈಲು ಬದಲಾದರೆ ತಾನೂ ಬದಲಾಗುವ, ಬೆರಳಚ್ಚಿನಂಥ ಗುರುತು) ಅದರಲ್ಲಿ ಇರಬೇಕು. ಕ್ಯಾಮೆರಾದಿಂದ ಇಳಿಸಿದ ದಿನವೇ ಹ್ಯಾಶ್ ತೆಗೆದು ಬರೆದಿಡಿ, ಮೂಲ ಮೆಮೊರಿ ಕಾರ್ಡನ್ನು ಲಕೋಟೆಯಲ್ಲಿ ಸೀಲ್ ಮಾಡಿ ದಿನಾಂಕ ಹಾಕಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ವಿಡಿಯೋ ಕುಗ್ಗಿ ಹ್ಯಾಶ್ ಬದಲಾಗುತ್ತದೆ, ಎದುರು ಪಕ್ಷದ ವಕೀಲರು ಮೊದಲು ಕೈ ಇಡುವುದು ಅಲ್ಲೇ.